ದೂಜನ ಸಣ್ಣ ಬೆಂಕಿ

ದೂಜನಷ್ಟು ಕೆಟ್ಟ ಬಾಯಿಯ ಮನುಷ್ಯನನ್ನು ನಾನು ಮುಂಬಯಿಯಲ್ಲಿ ಬೇರೆ ಕಂಡಿಲ್ಲ. ಐವತ್ತರ ದಶಕದಲ್ಲಿ ಬಾಂದ್ರಾದ ಒಂದು ಕ್ಲಬ್ಬಿನಲ್ಲಿ ಅವನು ಅಡುಗೆಯವನು, ನಾನು ವೇಟರ್. ಇಬ್ಬರೂ ಮೂಲ್ಕಿ ಕಡೆಯವರು. ಆದರೂ ಅವನು ನನ್ನನ್ನು ಹೆಸರು ಹಿಡಿದು ಕರೆದವನಲ್ಲ, "ಏ ಎಲುಬೇ" ಎನ್ನುತ್ತಿದ್ದ. ಅವನ ಹೆಂಡತಿ ಸೇವಂತಿ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಅಡುಗೆಮನೆಯ ಹಿಂದೆ ಅವರಿಗೆ ಒಂದು ಕೋಣೆಯ ಖೋಲಿ ಕೊಟ್ಟಿದ್ದರು, ಒಳಗೇ ನಲ್ಲಿ. ಅದು ಎಂಥ ಭಾಗ್ಯವೆಂದು ಚಾಳೆಂಬ ಸಾಲುಮನೆಗಳಲ್ಲಿ ಬಕೆಟ್ ಹಿಡಿದು ನಿಂತವರಿಗೇ ಗೊತ್ತು. ಕೆಲಸ ಇರುವವರೆಗೆ ಖೋಲಿ. ಸೇವಂತಿ ಗಂಡನ ಬಾಯಿಯನ್ನು ಸಹಿಸಿಕೊಂಡದ್ದು ಆ ನಲ್ಲಿಗಾಗಿ.

ಒಬ್ಬ ಅಮೆರಿಕನ್ ಸದಸ್ಯ ಅಲ್ಲಿ ಬರ್ಗರ್ ಎಂಬ ತಿಂಡಿ ಕಲಿಸಿಹೋಗಿದ್ದ. ಕುರಿಯ ಕೊಚ್ಚಿದ ಮಾಂಸದ ಖೀಮಾವನ್ನು ದಪ್ಪ ವಡೆಯಂತೆ ತಟ್ಟಿ, ಇದ್ದಿಲಿನ ಮೇಲೆ ಜಾಲರಿಯಿಟ್ಟು ಸುಟ್ಟು, ಪಾವ್ ಎಂಬ ಬನ್ನಿನ ನಡುವೆ ಇಟ್ಟುಕೊಡುವುದು. ದೂಜ ಅದನ್ನು ಸಣ್ಣ ಬೆಂಕಿಯಲ್ಲೇ ಮಾಡುತ್ತಿದ್ದ. ಕೆಂಡ ಹರಡಿ, ಮೇಲೆ ಬೂದಿ ಎಳೆದು, ಖೀಮಾದ ಮೇಲೊಂದು ತಪ್ಪಲೆ ಕವುಚಿ, ಬೀಡಿ ಸೇದುತ್ತಾ ಕೂರುವನು. ಅವಸರ ಮಾಡಿದವರಿಗೆ ಬೈಗುಳ. ಹೇಳಲು ನನಗೆ ಹೊಟ್ಟೆಯುರಿ, ಆದರೆ ಆ ಬರ್ಗರ್ ಒಳಗಿನವರೆಗೂ ಬೆಂದಿರುತ್ತಿತ್ತು, ರಸವೂ ಆರಿರುತ್ತಿರಲಿಲ್ಲ.

ಆಮೇಲೆ ರಮಾನಾಥ ಮ್ಯಾನೇಜರಾಗಿ ಬಂದ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಎದುರು ಪಳಗಿದವನು. ಮಾಂಸ ಮುಟ್ಟಿದವನಲ್ಲ, ಅಹಂಕಾರ ಮಾತ್ರ ಹೊಟ್ಟೆ ತುಂಬ. ಬಂದವನೇ ಕಾವಲಿಗೆ ಚಿಮುಕಿಸುವಂತೆ ಜಾಲರಿಗೂ ನೀರು ಚಿಮುಕಿಸಿದ. ಚುಂಯ್ ಎನ್ನಲಿಲ್ಲ.

"ಬೆಂಕಿ ಸತ್ತಿದೆಯಲ್ಲ ಮಾರಾಯ! ಮೆಂಬರುಗಳು ಕಾಯ್ತಾ ಕೂರ್ಬೇಕಾ?"

"ಇದು ನಿಮ್ಮ ದೋಸೆ ಅಲ್ಲ ಭಟ್ರೇ. ತಿನ್ನದವರಿಗೆ ಎಂತ ಗೊತ್ತುಂಟು?" ಎಂದ ದೂಜ.

ಅಂದಿನಿಂದ ಇಬ್ಬರೂ ಹಾವು ಮುಂಗುಸಿ. ಬರುವ ಪಾರ್ಟಿಯಲ್ಲಿ ತಡವಾದರೆ ಖೋಲಿ ಖಾಲಿ ಮಾಡಬೇಕೆಂದು ರಮಾನಾಥ ಎಲ್ಲರೆದುರು ಹೇಳಿಬಿಟ್ಟ. ಸೇವಂತಿ ಗಂಡನ ಹತ್ತಿರ ಗೋಗರೆದಳು: "ನಿಮ್ಮ ಜಗಳ ಬಿಡಿ. ಖೋಲಿ ಹೋದ್ರೆ ನಾನು ಎಲ್ಲಿಗೆ ಹೋಗುದು?"

ಪಾರ್ಟಿಯ ಸಂಜೆ ರಮಾನಾಥ ತಾನೇ ಬೂದಿ ಕೊಡವಿ, ಬೀಸಣಿಗೆ ಹಿಡಿದು ನಿಂತ. ಕೊಬ್ಬು ತೊಟ್ಟಿಕ್ಕಿದಂತೆಲ್ಲ ಜ್ವಾಲೆ ಎದ್ದು ಖೀಮಾ ಕ್ಷಣದಲ್ಲಿ ಕಪ್ಪಗಾಯಿತು. ದೋಸೆಯ ಬಣ್ಣ ನೋಡಿ ಬದುಕಿದವನಿಗೆ ಅಷ್ಟೇ ಸಾಕಾಯಿತು. "ಆಯ್ತು, ತೆಗಿ" ಎಂದ. ದೂಜ ಒಂದನ್ನು ಬೆರಳಿನಿಂದ ಒತ್ತಿ ನೋಡಿ ನಕ್ಕ. ಆ ನಗುವನ್ನು ಸೇವಂತಿ ನೋಡಿದಳು. ಅವನು ಏನೂ ಹೇಳದೆ ಎಲ್ಲವನ್ನೂ ಪಾವಿನೊಳಗಿಟ್ಟು ತಟ್ಟೆಗಳನ್ನು ನನ್ನ ಕೈಗೆ ದಾಟಿಸಿದ.

ಹೊರಗೆ ಮೆಂಬರುಗಳು ಥೂ ಎಂದು ಉಗುಳಿದರು. ಕ್ಲಬ್ಬಿನ ಸೆಕ್ರೆಟರಿ ಒಳಗೆ ಬಂದು, ಕಚ್ಚಿದ ಬರ್ಗರನ್ನು ಮೇಜಿನ ಮೇಲೆ ಕುಕ್ಕಿದ. ಒಳಗೆ ಹಸಿ ಕೆಂಪು. ಇದು ಗೊತ್ತಿತ್ತೇ ಎಂದು ಹಿಂದಿಯಲ್ಲಿ ಗದರಿದ. ರಮಾನಾಥ ಬರ್ಗರಿನ ಕಪ್ಪು ಹೊರಮೈ ತೋರಿಸಿದ. ದೂಜ ಎದೆಯುಬ್ಬಿಸಿ, "ನನಗೆ ಗೊತ್ತಿತ್ತು. ಇವನ ಮರ್ಯಾದೆ ಹೋಗಲಿ ಅಂತಲೇ ಸುಮ್ಮನಿದ್ದೆ" ಎಂದು ತನ್ನ ಹರಕು ಹಿಂದಿಯಲ್ಲೇ ಹೇಳಿದ. ಸೆಕ್ರೆಟರಿ ಇಬ್ಬರನ್ನೂ ಅಂದೇ ಹೊರಗೆ ಹಾಕಿದ.

ರಮಾನಾಥನಿಗೇನು, ಇನ್ನೊಂದು ಹೋಟೆಲ್ ಸಿಕ್ಕಿತು. ದೂಜ ಗಂಟುಮೂಟೆ ಕಟ್ಟಿ ಭಾಂಡುಪಿನಲ್ಲಿ ನಾನಿದ್ದ ಚಾಳಿಗೇ ಬಂದು ವಕ್ಕರಿಸಿದ. ದಿನಾ ಬೆಳಗಾದರೆ ಅದೇ ಜಂಬ, ಭಟ್ಟನ ಮಾನ ತೆಗೆದ ಕಥೆ. ಸೇವಂತಿ ನಲ್ಲಿಯ ಸಾಲಿನಲ್ಲಿ ಹೆಂಗಸರೊಂದಿಗೆ ಕಚ್ಚಾಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಅರ್ಧ ಬಕೆಟ್ ನೀರು ಹಿಡಿದು, ಹರಿದ ರವಿಕೆಯಲ್ಲಿ ವಾಪಸಾದಳು. ದೂಜ ಬಾಗಿಲಲ್ಲಿ ನನಗೆ ಅದೇ ಕಥೆ ಊದುತ್ತಿದ್ದ. ಅವಳು ಇದ್ದಿಲೊಲೆಯ ಬೂದಿ ಕೊಡವಿ, ಜ್ವಾಲೆ ಏಳುವಂತೆ ಬೀಸಿ, ಬಂಗುಡೆ ಮೀನನ್ನು ಅದರ ಮೇಲೆ ಎಸೆದಳು. ಚರ್ಮ ಕರಿಯಾದ ಕೂಡಲೇ ತೆಗೆದು ಅವನ ತಟ್ಟೆಗೆ ಹಾಕಿದಳು. ದೂಜ ಮುರಿದು ನೋಡಿದ. ಮುಳ್ಳಿನ ಹತ್ತಿರ ಇನ್ನೂ ರಕ್ತ.

"ಇದು ಬೆಂದಿಲ್ಲ" ಎಂದ.

"ನನಗೆ ಗೊತ್ತುಂಟು. ತಿನ್ನಿ" ಎಂದಳು ಸೇವಂತಿ.

ದೂಜ ನನ್ನ ಮುಖ ನೋಡಿದ. ನಾನು ಎದ್ದು ಹೋಗಲಿಲ್ಲ, ಕಣ್ಣೂ ತಿರುಗಿಸಲಿಲ್ಲ. ಅವನು ತಲೆ ತಗ್ಗಿಸಿ ತಿಂದ.