ನಾಗಲಿಂಗಮ್ಮನ ಅಂಗಡ್ಯಾಗ ನಿಂತಲ್ಲೇ ಓಡೋ ಸೈಕಲ್ಲು

ಕೊಟ್ಟೂರು ಬಸ್‌ಸ್ಟ್ಯಾಂಡ್ ಹಿಂದ ಇನ್ನೂ ಬೆಳಕು ಹರಿದಿಲ್ಲ, ನಾಗಲಿಂಗಮ್ಮನ ಸೈಕಲ್ ಅಂಗಡ್ಯಾಗ ಆಗ್ಲೇ ಗುಂಯ್ ಅಂತ ಸದ್ದು. ಅರ್ಚನಾ ಅನ್ನೋ ಕಾಲೇಜ್ ಹುಡುಗಿ ಬೆವರು ಸುರಿಸ್ಕೊಂತ ಸೈಕಲ್ ತುಳಿಯಾಕ ಹತ್ಯಾಳ. ತುಳಿದಿದ್ದೇ ಬಂತು, ಸೈಕಲ್ ಒಂದ್ ಗೇಣೂ ಮುಂದ ಹೋಗವಲ್ದು. ಹಿಂದಿನ ಗಾಲಿ ಕಬ್ಬಿಣದ ಉರುಳಿ ಮ್ಯಾಲೆ ಕುಂತೈತಿ. ಪಕ್ಕದಾಗ ನಾಗಲಿಂಗಮ್ಮ ಸೆರಗು ಸೊಂಟಕ್ಕ ಸಿಗಿಸ್ಕೊಂಡು ನಿಂತಾಳ.

"ಲೇ ಹುಡುಗಿ, ಕಾಲು ತುಳೀಬೇಕು, ಹೆಗಲಲ್ಲ!"

ಇದೆಲ್ಲಾ ಯಾಕಂದ್ರ, ಅದಿರು ಲಾರಿ. ರೋಡೆಲ್ಲಾ ಕೆಂಪು ಧೂಳು, ತೆಗ್ಗು. ಸೈಕಲ್ ತಗೊಂಡು ಹೋದಾಕಿ ಹೊಳ್ಳಿ ಬರ್ತಾಳಂತ ಖಾತ್ರಿ ಇಲ್ಲ. ವಿಜಾಪುರದಾಗ ಸೈಕ್ಲಿಂಗ್ ಹಾಸ್ಟೆಲ್ಲಿನ ಆಯ್ಕಿ ಈ ಭಾನುವಾರ ಐತಿ. ವಯಸ್ಸಿನ ಲೆಕ್ಕದಾಗ ಅರ್ಚನಾಗ ಇದೇ ಕಡೀ ಛಾನ್ಸು. ಗಂಟೆಗೆ ಮೂವತ್ನಾಲ್ಕು ಕಿಲೋಮೀಟರ್ ವೇಗ ಅರ್ಧ ತಾಸು ಬಿಡದಂಗ ಹಿಡೀಬೇಕು ಅಂತ ಕಾಲೇಜಿನ ಕೋಚು ಹೇಳ್ಯಾರ.

ನಾಗಲಿಂಗಮ್ಮ ಹಿರೇಹಡಗಲಿ ಹೆಣ್ಣುಮಗಳು. ಗಂಡಗ ಬುತ್ತಿ ತರಾಕ ಅಂಗಡಿಗೆ ಬಂದಾಕಿ, ಅವರು ಉಣ್ಣೂತನಕ ಸುಮ್ಮನ ಕುಂದ್ರಲಾರದ ಪಂಚರ್ ಹಚ್ಚೋದು ಕಲಿತಳು. ಗಂಡನ ಕಣ್ಣು ಮಂಜಾದ ಮ್ಯಾಲೆ ಅಂಗಡಿ ಪೂರಾ ಈಕೀದೇ. "ಹೆಂಗಸು ಹಚ್ಚಿದ ಪಂಚರ್ ಊರು ದಾಟಲ್ಲ ಅಂತಿದ್ರು. ಒಬ್ಬಾತ ಕೂಡ್ಲಿಗಿ ಮುಟ್ಟಿ ಹೊಳ್ಳಿ ಬಂದ, ಅವತ್ತಿಂದ ಬಾಯಿ ಮುಚ್ಚಿದ್ರು ನೋಡ್ರಿ." ಮೊದ್ಲ ದಿನಕ್ಕ ಇಪ್ಪತ್ತು ಪಂಚರ್ ಬರ್ತಿದ್ವು, ಮೊಪೆಡ್ ಬಂದ ಮ್ಯಾಲೆ ಎಂಟತ್ತು. ಆದ್ರ ಡೊಂಕು ಗಾಲಿ ನೆಟ್ಟಗ ಮಾಡಿಸಾಕ ಹರಪನಹಳ್ಳಿಯಿಂದ್ಲೂ ಬರ್ತಾರ.

ಗುಜರಿ ಕಬ್ಬಿಣ, ಹಿಟ್ಟಿನ ಗಿರಣಿ ಬೇರಿಂಗು ಕೂಡಿಸಿ, ಸೈಕಲ್ ನಿಂತಲ್ಲೇ ತುಳಿಯೋ ಈ ಉರುಳಿ ಸ್ಟ್ಯಾಂಡ್ ಮಾಡಿಸಿದಾಕೀನೂ ಈಕಿನೇ. ಕೋಚು ವೇಗ ತೋರಿಸೋ ಬೆಂಕಿಪೊಟ್ಟಣದಷ್ಟು ಒಂದು ಮೀಟರ್ ಕೊಟ್ಟಿದ್ರು. ಗಾಲಿ ಕಡ್ಡಿಗೆ ಕಟ್ಟಿದ ಮ್ಯಾಗ್ನೆಟ್ಟು ಸೆನ್ಸರ್ ಮುಂದ ಹಾದಾಗೊಮ್ಮೆ ಅದು ಒಂದು ಸುತ್ತು ಎಣಿಸ್ತೈತಿ. ಕಟ್ಟಿದ್ದು ಮುಂದಿನ ಗಾಲಿಗೆ. ಸ್ಟ್ಯಾಂಡಿನ ಮ್ಯಾಲೆ ಮುಂದಿನ ಗಾಲಿ ತಿರುಗ್ತೈತೇನು? ಜೀವ ಬಾಯಿಗೆ ಬರಂಗ ತುಳಿದ್ರೂ ಸೊನ್ನಿ! ನಾಗಲಿಂಗಮ್ಮ ವೈರಿಗೆ ವೈರು ಕೂಡಿಸಿ ಹಿಂದಿನ ಗಾಲಿಗೆ ತಂದಳು. ಟೈರಿಗೆ ಸೀಮೆಸುಣ್ಣದ ಗೆರಿ ಎಳದು, ಒಂದು ಸುತ್ತು ನೆಲದ ಮ್ಯಾಲೆ ಉರುಳಿಸಿ, ಟೈಲರ್ ಟೇಪಿನಾಗ ಅಳದು, ಆ ಲೆಕ್ಕ ಮೀಟರಿನಾಗ ಒತ್ತಿಸಿದಳು.

ಅಲ್ಲೇ ಎಡವಟ್ಟಾತು. ಒಂದೇ ಕಡಿ ಭಾರ ಇದ್ರ ಗಾಲಿ ಓಲಾಡ್ತೈತಿ ಅಂತ, ಹಳೇ ರೇಡಿಯೋ ಸ್ಪೀಕರಿನ ಮ್ಯಾಗ್ನೆಟ್ಟಿನ ಚೂರೊಂದನ್ನ ಎದುರಿನ ಕಡ್ಡಿಗೂ ಕಟ್ಟಿಬಿಟ್ಟಳು. ಅರ್ಚನಾ ತುಳಿದಳು, ಮೀಟರ್ ಅರವತ್ತು ತೋರಿಸ್ತು! ಎದುರುಗಾಳಿ ಇಲ್ಲಲ್ಲ, ಅದಕ್ಕ ಹಿಂಗ ಅಂತ ಇಬ್ಬರೂ ನಂಬಿದ್ರು. ಹುಡುಗಿ ತಡಮಾಡಿ ಬರಾಕ ಹತ್ತಿದಳು. "ಬೇಕಾದ್ದು ಮೂವತ್ನಾಲ್ಕು, ನಲವತ್ತು ಬಂತಲ್ಲ ದೊಡ್ಡಮ್ಮ, ಸಾಕು" ಅಂತ ಇಳಿಯಾಕಿ.

ಒಂದಿನ ಬೆಲ್ಟ್‌ ಬಿಗಿದಂಗ ಸೀರಿ ಕಚ್ಚಿ ಹಾಕಿ ನಾಗಲಿಂಗಮ್ಮನೇ ಹತ್ತಿ ತುಳಿದು ನೋಡಿದಳು. ಮೂವತ್ತಾರು! ಪಕ್ಕದ ಚಾದ ಅಂಗಡಿ ಮರುಳಪ್ಪ ನಕ್ಕ, "ಅಕ್ಕಾರ, ನೀವೂ ವಿಜಾಪುರಕ್ಕ ಹೊಂಟ್ರೇನ್ರಿ?"

"ನಾ ಮೂವತ್ತಾರರಾಗ ಓಡಿಸಿದ್ರ ಹಗರಿಬೊಮ್ಮನಹಳ್ಳಿ ಬಸ್ಸಿಗೆ ಯಾಕ ಕಾಯ್ತಿದ್ದೆ ಲೇ ಮರುಳಪ್ಪ?" ಅಂದಾಕಿಗೆ ಫಕ್ಕನ ಹೊಳೀತು. ಮ್ಯಾಗ್ನೆಟ್ಟು ಎರಡದಾವ, ಗಾಲಿ ಒಂದೇ ಸುತ್ತು ಬಂದ್ರೂ ಮೀಟರ್ ಎರಡು ಎಣಿಸ್ತೈತಿ.

ಹುಡುಗಿ ಬರೂತನಕ ಬಾಗಲದಾಗೇ ಕಾದು ಕುಂತಳು. "ತಪ್ಪು ನಂದವ್ವಾ. ನಿನ್ನ ಅರವತ್ತು ಖರೇ ಅಂದ್ರ ಮೂವತ್ತು."

"ಅಯ್ಯೋ ದೊಡ್ಡಮ್ಮ, ನಾ ಊರೆಲ್ಲಾ ಹೇಳೀನಲ್ಲ!"

"ನಾನೂ ಹೇಳೀನಿ. ಇಬ್ಬರೂ ಕೂಡಿ ನಾಚ್ಕೊಳ್ಳೂಣು. ಮೊದ್ಲ ಹತ್ತು."

ಅವತ್ತಿಂದ ಅರ್ಚನಾ ಕೋಳಿ ಕೂಗೋದ್ರಾಗ ಹಾಜರು. ಎರಡನೇ ಮ್ಯಾಗ್ನೆಟ್ಟು ಹೋಗೈತಿ, ಅದರ ಜಾಗದಾಗ ಅಷ್ಟೇ ತೂಕದ ತಾಮ್ರದ ತಂತಿ ಸುತ್ತೈತಿ. ಮೂವತ್ತು, ಮೂವತ್ತೊಂದು ಅಂತ ಅಕ್ಕಿ ಆರಿಸಿದಂಗ ಏರಿ, ಇವತ್ತು ಅರ್ಧ ತಾಸು ಮೂವತ್ನಾಲ್ಕು ಇಳಿದೇ ಇಲ್ಲ. ಹುಡುಗಿ ಹ್ಯಾಂಡಲ್ ಮ್ಯಾಲೆ ಬಿದ್ದು ಕೇಳ್ತಾಳ, "ಇದು ಖರೇ ಹೌದಲ್ಲ ದೊಡ್ಡಮ್ಮ?"

"ಖರೇ ಬೇ. ನಾ ಎರಡ್ ಸಲ ನೋಡೀನಿ."

ಮರುಳಪ್ಪ ಚಾ ತಂದು ಕೊಡ್ತಾನ. ಭಾನುವಾರ ಅಂಗಡಿಗೆ ಬೀಗ, ನಾಗಲಿಂಗಮ್ಮನೂ ವಿಜಾಪುರಕ್ಕ ಹೊಂಟಾಳ. ಗೆಲ್ಲೋದು ನೋಡಾಕೇನು ಅಂತ ನಾವು ಕೇಳಿದ್ರ, ಚಾ ಊದ್ಕೊಂತ ತಲಿ ಅಲ್ಲಾಡಿಸ್ತಾಳ.

"ಗೆದ್ರ ಛಲೋನೇ. ಆದ್ರ ಈ ಹುಡುಗಿ ಮುಂದಕ್ಕ ಹೋಗೋದನ್ನ ನಾ ಒಂದ್ ಸಲನೂ ನೋಡಿಲ್ರಿ."