ಎಣ್ಣಿ ಹೆಚ್ಚಾಗೇತಿ

ನಮ್ಮ ಅಡುಗೆಮನೆಯಲ್ಲಿ ಯಾವ ಸಾಮಾನೂ ಇವತ್ತಿನವರೆಗೆ ತೀರಿಲ್ಲ. ಉಪ್ಪು, ಎಣ್ಣೆ, ಹಿಟ್ಟು, ಅರಿಶಿಣ, ಯಾವ ಡಬ್ಬಿಯ ತಳ ಕಂಡರೂ ನಮ್ಮವ್ವ ‘ಇಲ್ಲ’ ಎನ್ನುವುದಿಲ್ಲ, ‘ಹೆಚ್ಚಾಗೇತಿ’ ಎನ್ನುತ್ತಾಳೆ. ಉಪ್ಪು ಹೆಚ್ಚಾಗೇತಿ ಎಂದರೆ ಉಪ್ಪು ಮುಗಿದಿದೆ, ಅಂಗಡಿಗೆ ಓಡು ಎಂದರ್ಥ. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತಾಳೆ. ಒಲೆಯ ಮುಂದೆ ನಿಂತು ‘ಇಲ್ಲ’ ಎಂದರೆ ಆ ವಸ್ತು ಇಲ್ಲವಾಗಿಯೇ ಉಳಿದುಬಿಡುತ್ತದೆ ಎಂಬುದು ಅವಳ ನಂಬಿಕೆ. ನಮ್ಮ ಕಡೆಯ ಹಿರಿಯ ಹೆಂಗಸರೆಲ್ಲ ಹೀಗೆಯೇ. ಅವಳ ಅಡುಗೆಮನೆಯಲ್ಲಿ ಆ ಶಬ್ದಕ್ಕೆ ಅವಕಾಶವಿದ್ದದ್ದು ಒಂದೇ ಒಂದು ವಿಷಯಕ್ಕೆ. ‘ನಿನಗ ಬುದ್ಧಿ ಇಲ್ಲ’ ಎಂದು ನನಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ನಾನು ನವಲಗುಂದದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಮೊರಬದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವನ ಖಾನಾವಳಿ ಇದೆ. ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಅವಳು ರೊಟ್ಟಿ ಬಡಿದಳು, ನಾನು ಓದಿದೆ. ನನ್ನ ಪದವಿಗಳೆಲ್ಲ ಆ ತವೆಯ ಮೇಲೆಯೇ ಬೆಂದವು. ಹೀಗಿದ್ದರೂ, ಅಥವಾ ಇದೇ ಕಾರಣಕ್ಕೋ ಏನೋ, ಆ ಖಾನಾವಳಿಯನ್ನು ಸುಧಾರಿಸುವ ಹಕ್ಕು ನನಗಿದೆ ಎಂದು ನಾನು ಬಹಳ ದಿನ ನಂಬಿದ್ದೆ.

ಸುಧಾರಣೆಗೆ ಕಾರಣವಿತ್ತು ಮಾರಾಯರೆ. ದೇಶ ಭರದಿಂದ ಬೆಳೆಯುತ್ತಿದೆ ಎಂದು ಟೀವಿಯವರು ಹೇಳುತ್ತಿದ್ದರು, ನಾನೂ ತರಗತಿಯಲ್ಲಿ ಅದನ್ನೇ ಹೇಳುತ್ತಿದ್ದೆ. ಬೆಳೆಯುವ ದೇಶದ ಕೈ ಹಿಡಿದುಕೊಂಡು ತೊಗರಿಬೇಳೆ, ಒಳ್ಳೆಣ್ಣೆ, ಉಳ್ಳಾಗಡ್ಡಿ, ಗ್ಯಾಸು ಎಲ್ಲವೂ ಬೆಳೆಯುತ್ತಿದ್ದವು. ಬೆಳೆಯದೆ ನಿಂತದ್ದು ಅವ್ವನ ಊಟದ ದರ ಒಂದೇ. ಎಷ್ಟೋ ವರ್ಷಗಳಿಂದ ಅದೇ ದರ, ಅದರಲ್ಲೇ ಬೇಕಾದಷ್ಟು ರೊಟ್ಟಿ, ಬೇಕಾದಷ್ಟು ಪಲ್ಯ, ಹೆಚ್ಚಿದ ಉಳ್ಳಾಗಡ್ಡಿಯ ಗುಡ್ಡ. ಉಣ್ಣುವವರ ಮುಖ ನೋಡುತ್ತ ದರ ಏರಿಸಲು ಅವಳಿಗೆ ನಾಚಿಕೆ. ನನ್ನ ಪಗಾರದ ಒಂದು ಪಾಲು ಪ್ರತಿ ತಿಂಗಳು ಊರವರ ಹೊಟ್ಟೆಗೆ ಹೋಗುತ್ತಿತ್ತು, ಮತ್ತು ಅದು ಎಲ್ಲಿಗೆ ಹೋಗುತ್ತಿದೆ ಎಂಬುದು ಅರ್ಥಶಾಸ್ತ್ರದ ಮಾಸ್ತರನಾದ ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಕಡೆಗೆ ತಿಳಿದದ್ದೂ ಒಂದು ಎಡವಟ್ಟಿನಿಂದ. ಒಂದು ಮುಂಜಾನೆ ನಾನು ಅಂಗಿ ತೊಟ್ಟು ಬಸ್ಸಿಗೆ ಹೊರಟಿದ್ದೆ. ಒಳಗಿನಿಂದ ಅವ್ವ, “ಎಣ್ಣಿ ಹೆಚ್ಚಾಗೇತಿ ನೋಡಪಾ,” ಎಂದಳು.

ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೆ ಆ ವಾರವೆಲ್ಲ ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಕ್ಷೌರದಂಗಡಿಯಲ್ಲಿ ಎಣ್ಣೆ ಹೆಚ್ಚಾಗಿದೆ, ಎಣ್ಣೆ ಹೆಚ್ಚಾಗಿದೆ ಎಂದು ದರದ ಮಾತೇ ಕೇಳಿ ಕೇಳಿ ನನ್ನ ಕಿವಿ ಕೆಟ್ಟಿತ್ತು. ಅವ್ವನೂ ಹಣದುಬ್ಬರದ ಬಗ್ಗೆ ಯೋಚಿಸತೊಡಗಿದಳಲ್ಲ ಎಂದು ನನಗೆ ಆನಂದವಾಯಿತು. ಚಪ್ಪಲಿ ಅರ್ಧ ಮೆಟ್ಟಿಕೊಂಡೇ ಅವಳಿಗೆ ಒಂದು ಪಾಠ ಮಾಡಿದೆ. ಹಡಗುಗಳ ಬಗ್ಗೆ ಹೇಳಿದೆ, ಬಂದರುಗಳ ಬಗ್ಗೆ ಹೇಳಿದೆ, ಬೇಡಿಕೆ ಮತ್ತು ಪೂರೈಕೆಯ ಗೆರೆಗಳನ್ನು ಗಾಳಿಯಲ್ಲಿ ಬರೆದು ತೋರಿಸಿದೆ. ಗಾಬರಿಯಾಗಿ ಕೊಳ್ಳಬಾರದು, ನಾಲ್ಕು ದಿನ ತಡಿ, ತಾನೇ ಇಳಿಯುತ್ತದೆ ಎಂದು ಧೈರ್ಯ ತುಂಬಿ ಬಸ್ಸು ಹಿಡಿದೆ.

ನಾಲ್ಕು ದಿನ ನಮ್ಮ ಖಾನಾವಳಿಯಲ್ಲಿ ಒಗ್ಗರಣೆಯ ಸದ್ದೇ ಇರಲಿಲ್ಲ. ಕಾಳು ಕುದಿಸಿ ಉಪ್ಪು ಹಾಕಿದ್ದು, ಬದನೆಕಾಯಿ ಸುಟ್ಟು ಕಿವುಚಿದ್ದು. ಎರಡನೆಯ ದಿನ ಎಣ್ಣೆಯೇ ಇಲ್ಲದ ಎಣ್ಣೆಗಾಯಿ ಬಂತು. ಬ್ಯಾಂಕಿನ ಗುಮಾಸ್ತರು ಇದೇನು ಡಾಕ್ಟರು ಬರೆದುಕೊಟ್ಟ ಊಟವೇ ಎಂದು ಕೇಳಿದರಂತೆ. ನಾನೂ ಅದನ್ನೇ ಉಂಡು, ಅವ್ವನಿಗೆ ವಯಸ್ಸಾಯಿತು, ಕೈರುಚಿ ಹೋಯಿತು ಎಂದು ಹೆಂಡತಿಯ ಮುಂದೆ ಮರುಗಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನಾಲ್ಕನೆಯ ದಿನ ಸಂಜೆ ಅವ್ವ ನನ್ನ ಪಕ್ಕ ಬಂದು ಕೂತು, ದನಿ ಇಳಿಸಿ, “ಪಗಾರ ಆಗಿಲ್ಲೇನಪಾ? ಎಣ್ಣಿ ತರಾಕ ಸೈತ ಆಗವಲ್ದನು?” ಎಂದು ಕೇಳಿದಳು.

ಆಗ ಹೆಂಡತಿಗೆ ಎಲ್ಲ ಹೊಳೆದು, ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದಳು. ಅವಳ ನಗು ಅಲ್ಲಿಂದಲೂ ಕೇಳುತ್ತಿತ್ತು. ಖಾನಾವಳಿಯ ಕೊರತೆಯನ್ನು ತುಂಬುತ್ತಿದ್ದದ್ದು ನನ್ನ ಪಗಾರ ಎಂದು ನನಗೆ ಹೊಳೆದದ್ದೂ ಆಗಲೇ. ಮಗನಿಗೆ ಹಣದ ಅಡಚಣೆ, ಕೇಳಿದರೆ ನೋಯುತ್ತಾನೆ ಎಂದು ಅವ್ವ ನಾಲ್ಕು ದಿನ ತನ್ನ ಮರ್ಯಾದೆಯನ್ನೇ ಸುಟ್ಟು ಬಡಿಸಿದ್ದಳು. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ತಪ್ಪು ನಮ್ಮದೇ ಆದಾಗ ಸಿಟ್ಟು ಸಲೀಸಾಗಿ ಬರುತ್ತದೆ.

ಮರುದಿನವೇ ಆರ್ಥಿಕ ಸುಧಾರಣೆಗಳನ್ನು ಘೋಷಿಸಿದೆ. ಕಾಲೇಜಿನಿಂದ ಒಂದು ಹಳೆಯ ಕಪ್ಪು ಹಲಗೆ ತಂದು ಪಡಸಾಲೆಯ ಗೋಡೆಗೆ ನೇತುಹಾಕಿದೆ. ಒಂದು ಊಟಕ್ಕೆ ಉಳ್ಳಾಗಡ್ಡಿ ನಾಲ್ಕು ಹೋಳು. ರೊಟ್ಟಿ ಮೂರು. ಎರಡು ಗಂಟೆಗೆ ಊಟ ಬಂದ್. ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ಸಾಮಾನು ತೀರಿದರೆ ‘ಇಲ್ಲ’ ಎಂದು ಸ್ಪಷ್ಟವಾಗಿ ಹೇಳತಕ್ಕದ್ದು. ಬೆಲೆ ಏರುವ ಕಾಲದಲ್ಲಿ ಪೆಟ್ಟು ತಾಳಿಕೊಳ್ಳಬೇಕಾದರೆ ಮೊದಲು ಸರಿಯಾದ ಮಾಹಿತಿ ಬೇಕು ಎಂದು ವಿವರಿಸಿದೆ. ದರ ಏರಿಸುವ ಮಾತೆತ್ತಿದಾಗ ಅವ್ವ ಎದ್ದು ಒಳಗೆ ಹೋದಳು. ಅದಕ್ಕೆ ನಾನು ಕೊನೆಯ ಬಾಣ ಬಿಟ್ಟೆ: ಈ ನಿಯಮಗಳಂತೆ ನಡೆದು ದೀಪಾವಳಿಯೊಳಗೆ ನನ್ನ ಕೈಯಿಂದ ದುಡ್ಡು ಹಾಕುವುದು ನಿಲ್ಲದಿದ್ದರೆ ಖಾನಾವಳಿಯನ್ನೇ ಮುಚ್ಚುವುದು.

ಅವ್ವ ಬಾಗಿಲಲ್ಲಿ ನಿಂತು ಹಲಗೆಯನ್ನು ನೋಡಿದಳು. ಅವಳಿಗೆ ಓದಲು ಬಾರದು, ಆದರೂ ಬಹಳ ಹೊತ್ತು ನೋಡಿದಳು. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ. ನಿನಗ ಒಕ್ಕಾಲಿನ ಭಾರಾನ ಭಾಳ ಆಗೇತಿ,” ಎಂದಳು. ಆಮೇಲೆ, “ಆತು, ನೀ ಹೇಳಿದಂಗ ಮಾಡೂಣು. ಮುಚ್ಚೂದು ಮಾತ್ರ ಬ್ಯಾಡ,” ಎಂದಳು. ಅವಳು ನನ್ನನ್ನು ಬೇಡಿಕೊಂಡದ್ದು ಅದೇ ಮೊದಲು. ನಾನು ಗೆದ್ದೆ ಎಂದುಕೊಂಡೆ.

ಸುಧಾರಣೆ ಶುರುವಾಯಿತು. ರಜೆಯ ದಿನಗಳಲ್ಲಿ ನಾನೇ ಕೈ ಹಿಂದೆ ಕಟ್ಟಿಕೊಂಡು ಪಂಕ್ತಿಯ ನಡುವೆ ಅಡ್ಡಾಡಿ ಉಳ್ಳಾಗಡ್ಡಿಯ ಹೋಳು ಎಣಿಸುತ್ತಿದ್ದೆ. ನಮ್ಮೂರ ಬಸ್ಸಿನ ಕಂಡಕ್ಟರ್ ಇಪ್ಪತ್ತು ವರ್ಷಗಳಿಂದ ನಮ್ಮಲ್ಲೇ ಉಣ್ಣುವವನು, ಊರಿಗೆಲ್ಲ ಕಾಕಾ. ನಾನು ಕಾಣಿಸಿಕೊಂಡರೆ ಸಾಕು, “ಚೆಕ್ಕಿಂಗ್ ಬಂದಾರ್ರಪೋ,” ಎಂದು ಕೂಗುತ್ತಿದ್ದ. ಎಲ್ಲರೂ ತಾಟಿನ ಮೇಲೆ ಕೈ ಮುಚ್ಚಿಕೊಳ್ಳುತ್ತಿದ್ದರು. ಒಂದು ವಾರದಲ್ಲಿ ಕಾಕಾ ತನ್ನ ಟಿಕೆಟಿನ ಚೀಲದಲ್ಲಿ ಸ್ವಂತ ಉಳ್ಳಾಗಡ್ಡಿ ತರತೊಡಗಿದ. ಅದನ್ನು ಮಂಡಿಯ ಮೇಲಿಟ್ಟು ಗುದ್ದಿ ಒಡೆದು, ನನ್ನ ಮುಖ ನೋಡುತ್ತ ಕಚ್ಚುತ್ತಿದ್ದ. ಅವನನ್ನು ನೋಡಿ ಗೊಬ್ಬರದಂಗಡಿಯವನು ತನ್ನ ಹೊಲದ ಸೌತೆಕಾಯಿ ತಂದ, ಶಾಲೆಯ ಮಾಸ್ತರರು ಮೆಂತ್ಯೆಯ ಸಿವುಡು ತಂದರು. ತಂದವರು ಪಕ್ಕದವರಿಗೂ ಹಂಚುತ್ತಿದ್ದರು. ಇದನ್ನು ನಾನು ನಿಯಮಭಂಗವೆಂದು ಬಗೆದು ಹಲಗೆಯ ಮೇಲೆ ಬರೆಯಲು ಜಾಗ ಹುಡುಕಿದೆ, ಜಾಗ ಇರಲಿಲ್ಲ.

‘ಇಲ್ಲ’ ಎನ್ನುವ ನಿಯಮ ಮಾತ್ರ ಇನ್ನೂ ಪರೀಕ್ಷೆಗೆ ಬಂದಿರಲಿಲ್ಲ. ಅವ್ವ ಡಬ್ಬಿ ತಳ ಮುಟ್ಟುವ ಮೊದಲೇ ಕಣ್ಣಲ್ಲೇ ಸೊಸೆಗೆ ಹೇಳುತ್ತಿದ್ದಳು, ಸೊಸೆ ತಂದುಬಿಡುತ್ತಿದ್ದಳು. ಇಬ್ಬರೂ ಸೇರಿ ಬಾಯಿ ಬಿಡದೆ ಸಂಸಾರ ಮಾಡಿದರು.

ದೀಪಾವಳಿಗೆ ವಾರವಿರುವಾಗ ಒಂದು ಭಾನುವಾರ ಕಾಕಾನ ಬಸ್ಸು ಹೊತ್ತಿಗೆ ಬರಲಿಲ್ಲ. ತಿರ್ಲಾಪುರದ ಹತ್ತಿರ ಹತ್ತಿ ಹೇರಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡವಾಗಿ ಕೆಟ್ಟು ನಿಂತಿತ್ತಂತೆ. ಎರಡು ಗಂಟೆಗೆ ಊಟ ಬಂದ್ ಆಯಿತು. ನಿಯಮದಂತೆ ಹಿಟ್ಟು ಅಳೆದು ಬಡಿದದ್ದರಿಂದ ರೊಟ್ಟಿ ಒಂದೂ ಉಳಿದಿರಲಿಲ್ಲ, ಗ್ಯಾಸೂ ಅದೇ ಹೊತ್ತಿಗೆ ಮುಗಿದಿತ್ತು. ಮೂರಕ್ಕೆ ಕಾಕಾ ಬಂದ, ಮುಖದ ತುಂಬ ಧೂಳು. ಕೈಕಾಲು ತೊಳೆದು ತನ್ನ ಜಾಗದಲ್ಲಿ ಕೂತ.

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. ಅವಳ ಹಿಂದೆ ಬರಿದಾದ ಬುಟ್ಟಿ, ಎದುರಿಗೆ ನನ್ನ ಹಲಗೆ, ಹಲಗೆಯ ಪಕ್ಕ ನಾನು. ಅವಳು ಕಾಕಾನನ್ನು ನೋಡಿದಳು, ಹಲಗೆಯನ್ನು ನೋಡಿದಳು, ಬಾಯಿ ತೆರೆದಳು. ಮಾತು ಹೊರಬರಲಿಲ್ಲ. ಇಷ್ಟು ವರ್ಷಗಳಲ್ಲಿ ಉಣ್ಣಲು ಕೂತ ಒಬ್ಬರಿಗೂ ಅವಳು ಆ ಶಬ್ದ ಹೇಳಿರಲಿಲ್ಲ. ಈಗ ಹೇಳದಿದ್ದರೆ ಖಾನಾವಳಿ ಹೋಗುತ್ತದೆ ಎಂದು ಹೆದರಿ ಹೇಳಲು ನಿಂತಿದ್ದಳು. ಹೇಳಬೇಡ ಅವ್ವ, ಹೇಳಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆಂದು ಬಾಯಿ ಬಿಟ್ಟು ಹೇಳುವ ಧೈರ್ಯ ಸುಧಾರಕನಿಗೆ ಬರಲಿಲ್ಲ.

ಧೈರ್ಯ ಬಂದದ್ದು ಕಾಕಾನಿಗೆ. ಅವಳ ಮುಖ ನೋಡಿ ಅವನು ತಟಕ್ಕನೆ ಎದ್ದ. “ತಿರ್ಲಾಪುರದಾಗ ಊಟಾ ಆತು ಯವ್ವಾ. ಬರೇ ನೀರು ಕುಡದು ಹೋಗೂಣು ಅಂತ ಬಂದೆ,” ಎಂದ. ಹೇಳಿದ್ದನ್ನು ಸಾಬೀತು ಮಾಡಲು ಒಂದು ಚರಿಗೆ ನೀರನ್ನು ಒಂದೇ ಉಸಿರಿಗೆ ಕುಡಿದ. ಕುಡಿಯಲು ತಲೆ ಎತ್ತಿದಾಗ ಹೆಗಲ ಚೀಲ ವಾಲಿ, ಅದರಿಂದ ಒಂದು ದಪ್ಪ ಉಳ್ಳಾಗಡ್ಡಿ ಬಿದ್ದು, ಉರುಳುತ್ತ ಉರುಳುತ್ತ ಬಂದು ಅವ್ವನ ಕಾಲ ಬಳಿ ನಿಂತಿತು.

“ಉಂಡಾಂವ ಉಳ್ಳಾಗಡ್ಡಿ ಯಾಕ ಹಿಡ್ಕೊಂಡ್ ಅಡ್ಡಾಡ್ತೀಯೋ ತಮ್ಮಾ?” ಎಂದಳು ಅವ್ವ. “ಕೂಡು.”

ಎರಡಕ್ಕೆ ಊಟ ಬಂದ್ ಎಂಬ ನನ್ನ ನಿಯಮವನ್ನು ಬದಿಗಿಟ್ಟು ಅವಳು ಸ್ಟೂಲು ಹತ್ತಿದಳು. ಅಟ್ಟದ ಮೂಲೆಯಿಂದ ಬಿಳಿ ಬಟ್ಟೆ ಸುತ್ತಿದ ಬುಟ್ಟಿಯೊಂದನ್ನು ಇಳಿಸಿ ಬಿಚ್ಚಿದಳು. ಒಳಗೆ ಖಡಕ್ ರೊಟ್ಟಿ, ಗೇಣುದ್ದದ ಅಡಕಲು, ಮುರಿದರೆ ಚಟಕ್ಕನೆ ಸದ್ದಾಗುವಂಥವು. ಅದರ ಪಕ್ಕ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಯ ಡಬ್ಬಿಗಳು. ಎಣ್ಣೆ ಬೇಡ, ಗ್ಯಾಸು ಬೇಡ, ತಿಂಗಳುಗಟ್ಟಲೆ ಕೆಡುವುದಿಲ್ಲ. ಅಟ್ಟದ ಮೇಲೆ ಅಂಥ ಬುಟ್ಟಿಗಳು ಇನ್ನೂ ಐದಿದ್ದವು. ಸುಗ್ಗಿಯಲ್ಲಿ ಜೋಳ ಅಗ್ಗವಿದ್ದಾಗ ಅತ್ತೆ ಸೊಸೆ ಕೂಡಿ ಬಡಿದು ಒಣಗಿಸಿಟ್ಟದ್ದು, ಪ್ರತಿ ವರ್ಷ ಇಡುತ್ತಾರೆ ಎಂದು ಹೆಂಡತಿ ತಣ್ಣಗೆ ಹೇಳಿದಳು. ಕೊರತೆಯ ಕಾಲಕ್ಕೆಂದು ಕೂಡಿಡುವ ‘ಕಾಪು ದಾಸ್ತಾನು’ ಎಂಬ ಅಧ್ಯಾಯವನ್ನು ನಾನು ಹದಿನೈದು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಅದು ನನ್ನ ತಲೆಯ ಮೇಲೆಯೇ ಇತ್ತು.

ಕಾಕಾ ಆರು ರೊಟ್ಟಿ ತಿಂದ. ನಾನು ಎಣಿಸಲಿಲ್ಲ, ಅವನೇ ಆಮೇಲೆ ಬಸ್ಸಿನಲ್ಲಿ ಹೇಳಿದ. ಉಳ್ಳಾಗಡ್ಡಿಯಲ್ಲಿ ಅರ್ಧ ನನಗೂ ಕೊಟ್ಟ. ನಾನು ಎದ್ದು ಹಲಗೆಯನ್ನು ಪಂಚೆಯ ಅಂಚಿನಿಂದ ಒರೆಸಿದೆ.

ಮುಂದಿನದ್ದನ್ನು ಉಣ್ಣುವವರೇ ಮಾಡಿದರು. ವಾರದಲ್ಲಿ ಎರಡು ದಿನ ಖಡಕ್ ರೊಟ್ಟಿಯೇ ಸಾಕು, ಒಲೆ ಹಚ್ಚುವುದು ಬೇಡ ಎಂದರು. ಹಸಿ ತರಕಾರಿ ಅವರವರ ಹೊಲದಿಂದ ಬರುವುದೆಂದಾಯಿತು. ದರದ ಮಾತನ್ನು ಕಾಕಾ ವಹಿಸಿಕೊಂಡ. ಪಂಕ್ತಿಯ ನಡುವೆ ಎದ್ದು ಸೀಟಿ ಊದಿ, ನಾಳೆಯಿಂದ ಊಟದ ದರ ಪರಿಷ್ಕರಣೆ ಆಗಿದೆ, ಚಿಲ್ಲರೆ ಸರಿಯಾಗಿ ತರಬೇಕು ಎಂದು ಬಸ್ಸಿನಲ್ಲಿ ಹೇಳುವ ದನಿಯಲ್ಲೇ ಸಾರಿದ. ಅವ್ವ ನಾಚಿ ಒಳಗೆ ಹೋಗಿ, ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತ ಕೂತಳು. ದೀಪಾವಳಿಯ ಹೊತ್ತಿಗೆ ನನ್ನ ಪಗಾರ ನನ್ನ ಮನೆಯಲ್ಲೇ ಉಳಿಯಿತು, ಖಾನಾವಳಿಯೂ ಉಳಿಯಿತು.

ಪಾಡ್ಯದ ಮರುದಿನ ನಾನು ಮತ್ತೆ ಕಾಲೇಜಿಗೆ ಹೊರಟೆ. ಬಾಗಿಲಲ್ಲಿ ನಿಂತು, ಎಲ್ಲ ನನ್ನ ತಪ್ಪು, ಇನ್ನು ಮುಂದೆ ನಿನ್ನ ಒಲೆಯ ತಂಟೆಗೆ ಬರುವುದಿಲ್ಲ ಅವ್ವ ಎಂದು ಹೇಳಿದೆ. ಅವ್ವ ಹತ್ತಿರ ಬಂದು, ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಸವರಿದಳು.

“ಇರ್ಲಿ ಬಿಡಪಾ. ನಿನಗ ಬುದ್ಧಿ ಹೆಚ್ಚಾಗೇತಿ,” ಎಂದಳು.

ನಲವತ್ತೆರಡು ವರ್ಷಗಳಲ್ಲಿ ಮೊದಲ ಹೊಗಳಿಕೆ. ನಾನು ಎದೆಯುಬ್ಬಿಸಿ ಬಸ್ ಸ್ಟ್ಯಾಂಡಿನವರೆಗೆ ನಡೆದೆ, ಕೆನ್ನೆಯ ಹಿಟ್ಟನ್ನೂ ಒರೆಸಿಕೊಳ್ಳಲಿಲ್ಲ. ಬಸ್ಸು ಹತ್ತಿದ ಕೂಡಲೇ ಕಾಕಾನಿಗೆ ಹೇಳಿದೆ, ದಿನಾ ಬುದ್ಧಿ ಇಲ್ಲ ಎನ್ನುತ್ತಿದ್ದವಳು ಇವತ್ತು ಹೀಗೆಂದಳು ಎಂದು. ಕಾಕಾ ಟಿಕೆಟು ಹರಿದು ನನ್ನ ಕೈಗಿಟ್ಟ. ಕೆನ್ನೆಯ ಹಿಟ್ಟು ನೋಡಿದ. ಏನೋ ಹೇಳಲು ಹೋಗಿ, ತುಟಿ ಬಿಗಿಹಿಡಿದು, ಮುಂದಿನ ಸೀಟಿಗೆ ಹೋದ. ಅವನ ಬೆನ್ನು ಕುಲುಕುತ್ತಿತ್ತು.

ತಿರ್ಲಾಪುರ ದಾಟಿದ ಮೇಲೆ ನನಗೆ ಅರ್ಥವಾಯಿತು.