ಆಕಾಶದ ಹಡಗಿಗೆ ಕಂಬಳಿ ತಾತನ ತಕರಾರು

ಅವರ ಹುಬ್ಬಿಗೆ ಸದಾ ಒಂದಿಷ್ಟು ಕರಿ ಉಣ್ಣೆ ಅಂಟಿಕೊಂಡಿರುತ್ತಿತ್ತು. ಪೂರ್ತಿ ನರೆತ ಮುಖದಲ್ಲಿ ಹುಬ್ಬಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ ಅನಿಸುತ್ತಿತ್ತು. ಮೈಯೆಲ್ಲ ಹುಣಸೆಬೀಜದ ಗಂಜಿಯ ವಾಸನೆ; ಕಂಬಳಿಯ ನೂಲಿಗೆ ಅದನ್ನೇ ಬಳಿದು ಬಿಗಿ ಮಾಡುತ್ತಿದ್ದರು. ಹುಡುಗರಾಗಿದ್ದಾಗ ನಿಡುಗಲ್ ಬೆಟ್ಟದ ಸುತ್ತ ಕುರಿ ಮೇಯಿಸಿದವರು, ಆಮೇಲೆ ಮಗ್ಗ ಹಿಡಿದವರು. ಪಾವಗಡದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಪಕ್ಕದಲ್ಲೇ ಅವರ ಮನೆ. ಬೀದಿಗೆಲ್ಲ ಅವರು ಕಂಬಳಿ ತಾತ.

ಎಂಬತ್ತರ ದಶಕದ ಮಾತು. ಕೊರಟಗೆರೆಯಿಂದ ಹೈಸ್ಕೂಲಿಗೆ ಹಿಂದಿ ಟೀಚರಾಗಿ ಬಂದಿದ್ದೆ. ಬೀದಿಗೆ ಟೀವಿ ಅಂತ ಇದ್ದದ್ದು ನಮ್ಮ ಹೆಡ್‌ಮಾಸ್ಟರ ಮನೆಯಲ್ಲೊಂದೇ. ಭಾನುವಾರ ಬೆಳಗ್ಗೆ ಆಕಾಶದಲ್ಲಿ ಹಾರುವ ಹಡಗೊಂದರ ಹಿಂದಿ ಧಾರಾವಾಹಿ ಬರುತ್ತಿತ್ತು. ಎಲ್ಲರೂ ನಡುಮನೆಯಲ್ಲಿ ಒತ್ತಿಕೊಂಡು ಕೂತರೆ, ನಾನು ಟೀವಿ ಪಕ್ಕ ನಿಂತು ಕನ್ನಡದಲ್ಲಿ ಹೇಳಬೇಕು. ನಿಜ ಹೇಳಿಬಿಡುತ್ತೇನೆ, ನಾನು ಹಿಂದಿ ಪರೀಕ್ಷೆಗಳನ್ನು ಬಾಯಿಪಾಠ ಮಾಡಿ ಪಾಸಾದವಳು. ಆ ಹಡಗಿನವರ ಪಟಪಟ ಮಾತು ಅರ್ಧ ನನ್ನ ತಲೆಗೇ ಹತ್ತುತ್ತಿರಲಿಲ್ಲ. ಉಳಿದರ್ಧವನ್ನು ನಾನೇ ಕಟ್ಟಿ ಹೇಳುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೆಡ್‌ಮಾಸ್ಟರ ಎದುರು ಗೊತ್ತಿಲ್ಲ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ತಾತ ಸುಮ್ಮನೆ ನೋಡುವ ಜನ ಅಲ್ಲ. "ಹಡಗ್ನಾಗೆ ನೀರಿಲ್ಲ ನೀರಿಲ್ಲ ಅಂತ ಹೋದ್ ವಾರ ಬಾಯ್ ಬಡ್ಕಂಡ್ರು. ಈವತ್ತು ನೋಡು, ಎಲ್ರೂ ಮಕ ತೊಳ್ಕಂಡು ಕ್ರಾಪ್ ತೆಗ್ದವ್ರೆ! ನಮ್ಮೂರಾಗೆ ಬಂದು ಒಂದು ಬ್ಯಾಸಗೆ ಇರ್ಲಿ, ಗೊತ್ತಾಯ್ತದೆ," ಎನ್ನುವರು. ತೀರಾ ರೇಗಿದರೆ "ಅಂತಾ ಅಬದ್ಧಂ!" ಎಂದು ತೆಲುಗಿನಲ್ಲಿ ಸುಳ್ಳು ಸುಳ್ಳು ಅಂತ ಬೈಯುವರು. ಬೈದರೂ ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂರುವವರು ಅವರೇ.

ಒಂದು ವಾರ ಹಡಗಿನ ಯಜಮಾನ ತನ್ನ ಜೊತೆಯ ಡಾಕ್ಟರಮ್ಮನನ್ನು ಯಾವುದೋ ಕೆಂಪು ನೆಲದಲ್ಲಿ ಬಿಟ್ಟು, ಬಾಗಿಲು ಹಾಕಿಕೊಂಡು ಹಾರಿಹೋದ. ಮಾತು ಒಂದೂ ತಿಳಿಯಲಿಲ್ಲ. "ಅವಳು ವೈರಿಗಳ ಜೊತೆ ಸೇರಿಕೊಂಡಿದ್ದಾಳೆ, ಅದಕ್ಕೇ ಬಿಟ್ಟುಹೋದ," ಎಂದುಬಿಟ್ಟೆ.

"ಇಲ್ಲ ಕಣಮ್ಮ," ಎಂದರು ತಾತ. "ಮೂರು ವಾರದ ಕೆಳಗೆ ತನ್ ಉಸಿರಿನ ಡಬ್ಬಿನೇ ಅವಳ್ಗೆ ಕೊಟ್ಟೋನು. ಅಂತೋನು ಇಂಗೆ ಬುಟ್ಟೋಗಲ್ಲ."

"ತಾತ, ಇದು ವಿಜ್ಞಾನದ ಕಥೆ. ಅಲ್ಲಿ ಏನು ಬೇಕಾದ್ರೂ ಆಗುತ್ತೆ," ಎಂದರು ಹೆಡ್‌ಮಾಸ್ಟರು.

"ಆಗ್ಲಿ ಮೇಷ್ಟ್ರೇ. ಆಕಾಶುಕ್ಕೆ ಹೋದ್ರೆ ಮನ್ಸನ ಗುಣ ಎಲ್ಲೋಯ್ತದೆ? ಬಾಗ್ಲು ಹಾಕೋವಾಗ ಅವ್ನ ಕೈ ನಡುಗ್ತಿತ್ತು, ನೋಡಿಲ್ವಾ? ಅವಳೇ ಹೋಗು ಅಂದವ್ಳೆ."

ವಾರವೆಲ್ಲ ಬೀದಿಯಲ್ಲಿ ಇದೇ ಜಗಳ. ನಾನು ತಲೆ ತಗ್ಗಿಸಿಕೊಂಡು ಶಾಲೆಗೆ ಓಡುತ್ತಿದ್ದೆ. ಮುಂದಿನ ಭಾನುವಾರ ಹಿಂದೆ ನಡೆದದ್ದನ್ನು ಬಿಡಿಸಿ ತೋರಿಸಿದರು. ಡಾಕ್ಟರಮ್ಮನ ಮೈಮೇಲೆಲ್ಲ ಬೊಬ್ಬೆ, ಅಂಟುರೋಗ. ಗಾಜಿನಾಚೆ ನಿಂತು, ನನ್ನನ್ನು ಬಿಟ್ಟು ಹೋಗಿ ಎಂದು ಅವಳೇ ಕೈಮುಗಿದು ಬೇಡುತ್ತಿದ್ದಳು. ಅದು ತಿಳಿಯಲು ಹಿಂದಿ ಬೇಕಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಹೆಡ್‌ಮಾಸ್ಟರೂ ನೋಡಿದರು.

"ಹೋದ್ ವಾರ ಟೀವಿ ಬರೀ ಗೊರಗೊರ ಅಂತಿತ್ತು. ಪಾಪ, ಟೀಚರಮ್ಮ ಏನ್ ಕೇಳುಸ್ಕಂಡಾಳು?" ಎಂದರು ತಾತ. ಹೋದ ವಾರ ಟೀವಿ ಒಂದು ಚೂರೂ ಗೊರಗುಟ್ಟಿರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು, ನಾಲ್ಕು ಬೆರಳಗಲ ನೇಯ್ದದ್ದನ್ನು ಬಿಚ್ಚುತ್ತಿದ್ದರು. ಕೆಳಗೆಲ್ಲೋ ಒಂದು ಎಳೆ ತಪ್ಪಿತ್ತಂತೆ.

"ಯಾರಿಗೆ ಕಾಣುತ್ತೆ ತಾತ?" ಎಂದೆ.

"ನಂಗೆ ಕಾಣ್ತದಲ್ಲ." ತಲೆ ಎತ್ತದೆಯೇ ಮುಂದುವರಿಸಿದರು, "ತಿಳೀದಿದ್ರೆ ತಿಳೀಲಿಲ್ಲ ಅನ್ನು ಕಣಮ್ಮ. ಎಲ್ರೂ ಕುಂತ್ಕಂಡು ಯೋಚ್ನೆ ಮಾಡಾನ. ನೀನು ಸುಳ್ಳು ಸೇರ್ಸಿದ್ಕೆ ಆ ಹೆಣ್ಮಗ್ಳು ಒಂದ್ ವಾರ ಸುಮ್‌ಸುಮ್ನೆ ಕೆಟ್ಟೋಳಾಗ್ಬೇಕಾಯ್ತು."

ನನಗೆ ಅಳು ಬಂತು. ಅತ್ತುಬಿಟ್ಟೆ. ಅವರು ಬಿಚ್ಚುವ ಕೆಲಸ ನಿಲ್ಲಿಸಲಿಲ್ಲ.

ಅದರ ಮುಂದಿನ ಭಾನುವಾರ ಹೆಡ್‌ಮಾಸ್ಟರ ಎದುರೇ "ಈ ಮಾತು ನನಗೆ ತಿಳಿಯಲಿಲ್ಲ," ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು, "ಹೌದಾ? ಹಾಗಾದ್ರೆ ಏನಂದಿರಬಹುದು?" ಎಂದು ಎಲ್ಲರ ಕಡೆ ತಿರುಗಿದರು. ನನ್ನ ಕೆಲಸಕ್ಕೇನೂ ಕುತ್ತು ಬರಲಿಲ್ಲ. ತರಗತಿಯಲ್ಲೂ, ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎನ್ನುವುದು ರೂಢಿಯಾಯಿತು.

ಕೊನೆಯ ಕಂತಿನ ಹೊತ್ತಿಗೆ ತಾತ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದರು. ನೋಡಿಕೊಂಡು ಬಂದು ಪಕ್ಕ ಕೂತು ಹೇಳಿದೆ. ಹಡಗು ಅದೇ ಕೆಂಪು ನೆಲಕ್ಕೆ ವಾಪಸ್ ಬಂತು, ಬಾಗಿಲು ತೆರೆಯಿತು, ಡಾಕ್ಟರಮ್ಮ ಎದುರಿಗೇ ನಿಂತಿದ್ದಳು, ಯಜಮಾನ ಏನೋ ಅಂದ, ಅಲ್ಲಿಗೆ ಮುಗಿಯಿತು.

"ಏನಂದ?"

"ತಿಳೀಲಿಲ್ಲ ತಾತ."

ಅವರ ಮುಖ ಅರಳಿತು. ಕೆಮ್ಮು ನಿಲ್ಲುವವರೆಗೆ ಕಾದು, "ನಾನ್ ಹೇಳ್ಲಾ? 'ತಡ ಆಯ್ತು ಕಣವ್ವ, ಬಾ ಹೋಗಾನ' ಅಂದಿರ್ತಾನೆ. ಅಂತೋನು ಇನ್ನೇನಂದಾನು?" ಎಂದರು.

ಅದೇ ತಿಂಗಳು ತಾತ ಹೋಗಿಬಿಟ್ಟರು. ನಾನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದೆ. ಆ ಯಜಮಾನ ನಿಜವಾಗಿ ಏನಂದನೋ ಇವತ್ತಿಗೂ ಗೊತ್ತಿಲ್ಲ. ಮೊಮ್ಮಗಳಿಗೆ ಆ ಕಥೆ ಹೇಳುವಾಗ ಅಲ್ಲಿಗೆ ಬಂದರೆ ಒಂದು ಗಳಿಗೆ ನಿಲ್ಲಿಸುತ್ತೇನೆ. "ಇದು ನನಗೆ ತಿಳಿಯಲಿಲ್ಲ ಮರಿ, ಕಂಬಳಿ ತಾತ ಹೇಳಿದ್ದು," ಎಂದು ಹೇಳಿಯೇ ಅವರ ಮಾತನ್ನು ಹೇಳುತ್ತೇನೆ.